ಹಾರಂಗಿ, ಚಿಕ್ಲಿಹೊಳೆ ಹಿನ್ನೀರಲ್ಲಿ ವಾಪಸ್ ಹೊರಟ ಹಕ್ಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಕಳೀತಿದ್ದ ಹಾಗೆ ಬೆಂಗಳೂರು, ಮೈಸೂರು ಕಡೆಯಿಂದ ಮಾತ್ರ ಅಲ್ಲ, ನಮ್ಮ ಕೊಡಗಿನ ಸುಂಟಿಕೊಪ್ಪ, ಕುಶಾಲನಗರದವರೇ ಕೇಳೋಕೆ ಶುರು ಮಾಡ್ತಾರೆ, ಹಾರಂಗಿ, ಚಿಕ್ಲಿಹೊಳೆ ಡ್ಯಾಮಲ್ಲಿ ಈಗ ಹಕ್ಕಿ ಇದ್ಯಾ, ಯಾವಾಗ ಬರ್ಬೇಕು, ಎಲ್ಲಿ ನಿಲ್ಬೇಕು ಅಂತ. ಒಬ್ಬೊಬ್ರಿಗೂ ಬೇರೆ ಬೇರೆ ಹೇಳೋ ಬದಲು ಎಲ್ಲಾನೂ ಒಂದೇ ಕಡೆ ಬರ್ದಿದೀನಿ. ನಿಮಗೆ ಬೇಕಾದ ಪ್ರಶ್ನೆ ಹುಡುಕಿ ಓದ್ಕೊಳಿ, ಆದ್ರೆ ಆನೆ ಬಗ್ಗೆ ಇರೋದನ್ನ ಮಾತ್ರ ಯಾರೂ ಬಿಡ್ಬೇಡಿ.

ವಲಸೆ ಹಕ್ಕಿ ನೋಡೋದು ಡಿಸೆಂಬರ್, ಜನವರಿಯಲ್ಲಿ ಅಲ್ವಾ? ಮಾರ್ಚಲ್ಲಿ ಏನಿರತ್ತೆ?

ಡಿಸೆಂಬರಲ್ಲಿ ನೀವು ನೋಡೋದು ಬಂದು ನೆಲೆಸಿರೋ ಹಕ್ಕಿಗಳನ್ನ. ಅವು ಒಂದು ಜಾಗ ಹಿಡ್ಕೊಂಡು ತಿಂದ್ಕೊಂಡು ಇರ್ತವೆ, ಬಣ್ಣನೂ ಮಂಕು. ಮಾರ್ಚ್, ಏಪ್ರಿಲಲ್ಲಿ ನಡೆಯೋದೇ ಬೇರೆ. ಹೊರಡೋ ಹಕ್ಕಿಗಳು ಮೈ ತುಂಬ್ಕೊಳ್ತವೆ, ಹಳೇ ಪುಕ್ಕ ಉದುರಿ ಹೊಸದು ಬರತ್ತೆ, ಬಣ್ಣ ಏರತ್ತೆ, ಕೆಲವು ಇಲ್ಲೇ ಸಣ್ಣಗೆ ಹಾಡೋಕೂ ಶುರು ಮಾಡ್ತವೆ. ಇನ್ನೂ ದಕ್ಷಿಣದಲ್ಲಿ, ಕೇರಳ, ತಮಿಳುನಾಡು, ಶ್ರೀಲಂಕಾ ಕಡೆ ಚಳಿಗಾಲ ಕಳೆದ ಹಕ್ಕಿಗಳೂ ಉತ್ತರಕ್ಕೆ ಹೋಗ್ತಾ ಒಂದು ದಿನ, ಎರಡು ದಿನ ಇಳ್ಕೊಳ್ಬಹುದು. ನಿನ್ನೆ ಇದ್ದ ಹಕ್ಕಿ ಇವತ್ತಿಲ್ಲ, ನಿನ್ನೆ ಇಲ್ಲದ್ದು ಇವತ್ತು ನಿಮ್ಮೆದುರೇ ಕೂತಿದೆ. ನನ್ನ ಕೇಳಿದ್ರೆ ವರ್ಷದಲ್ಲಿ ಹಿನ್ನೀರಿಗೆ ಹೋಗೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ.

ಆದ್ರೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಇಲ್ಲಿ ಸಾವಿರಗಟ್ಟಲೆ ಹಕ್ಕಿ ಒಟ್ಟಿಗೆ ಏಳೋ ದೃಶ್ಯ ಸಿಗಲ್ಲ. ಇಲ್ಲಿ ಸಿಗೋದು ಚಿಕ್ಕ ಹಕ್ಕಿ, ಒಂಟಿ ಹಕ್ಕಿ, ದಡದಲ್ಲಿ ಬಾಲ ಕುಣಿಸ್ತಾ ಓಡಾಡೋ ಹಕ್ಕಿ. ಅದನ್ನ ನಿಂತು ನೋಡೋ ತಾಳ್ಮೆ ಇದ್ರೆ ಬನ್ನಿ.

ಸರಿಯಾಗಿ ಯಾವ ತಿಂಗಳು, ಯಾವ ವಾರ?

ಒಂದೊಂದು ಹಕ್ಕಿದು ಒಂದೊಂದು ಲೆಕ್ಕ. ಪಟ್ಟೆತಲೆ ಹೆಬ್ಬಾತು, ಬೇರೆ ವಲಸೆ ಬಾತುಗಳು ಬೇಗ ಹೊರಡೋ ಪೈಕಿ, ಮಾರ್ಚ್ ಹೊತ್ತಿಗೆ ಮೈಸೂರು ಕಡೆಯ ಕೆರೆಗಳು ಖಾಲಿ ಆಗ್ತಾ ಬರ್ತವೆ. ಗ್ರೀನ್ ಸ್ಯಾಂಡ್‌ಪೈಪರ್ (ಸ್ಯಾಂಡ್‌ಪೈಪರ್ ಅಂದ್ರೆ ಗೊರವ) ಮಾರ್ಚಿಂದ ಕಮ್ಮಿಯಾಗತ್ತೆ. ಬೂದು ಸಿಪಿಲೆ (ವ್ಯಾಗ್‌ಟೇಲ್), ಕವಲುತೋಕೆ (ಸ್ವಾಲೋ) ಎಲ್ಲ ಏಪ್ರಿಲ್ ತನಕ. ಕಾಮನ್ ಸ್ಯಾಂಡ್‌ಪೈಪರ್ ಮಾತ್ರ ಎಲ್ಲರಿಗಿಂತ ಕೊನೆಗೆ, ಮೇ ಮೊದಲ ವಾರದಲ್ಲೂ ಒಂದೋ ಎರಡೋ ಇರ್ತವೆ, ಮತ್ತೆ ಆಗಸ್ಟಲ್ಲಿ ಬೇಗ ವಾಪಸ್ ಬರೋ ಪೈಕಿನೂ ಅದೇ ಜಾತಿಯವು ಇರ್ತವೆ.

ಒಂದೇ ಸಲ ಬರೋಕಾಗೋದು ಅಂದ್ರೆ ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ, ಅಂದ್ರೆ ಯುಗಾದಿ ಮತ್ತು ಬಿಸು ಆಸುಪಾಸು ಬನ್ನಿ. ನೀರೂ ಇಳಿದಿರತ್ತೆ, ಬಣ್ಣನೂ ಬಂದಿರತ್ತೆ, ಹೊರಡದೆ ಉಳಿದಿರೋ ಹಕ್ಕಿನೂ ಇರತ್ತೆ. ಇಲ್ಲೇ ಇರೋರು ಒಂದೇ ಜಾಗಕ್ಕೆ ವಾರಕ್ಕೊಂದ್ಸಲ ಹೋಗಿ, ಬೇರೆ ಬೇರೆ ಜಾಗ ಸುತ್ತೋದಕ್ಕಿಂತ ಅದ್ರಿಂದ ಕಲಿಯೋದು ಎಷ್ಟೋ ಪಾಲು ಜಾಸ್ತಿ.

ಹಾರಂಗಿನಾ, ಚಿಕ್ಲಿಹೊಳೆನಾ? ಅಲ್ಲಿ ಎಲ್ಲಿ ನಿಲ್ಬೇಕು?

ಎರಡೂ ಕಡೆ ಹೋಗಿ, ಆದ್ರೆ ಎರಡರ ಸ್ವಭಾವ ಬೇರೆ.

ಹಾರಂಗಿ ದೊಡ್ಡದು. ಕುಶಾಲನಗರದಿಂದ ಸುಮಾರು 9 ಕಿಮೀ, ಹುದುಗೂರು ಹತ್ರ, ಕಾವೇರಿಯ ಉಪನದಿ ಹಾರಂಗಿಗೆ ಅಡ್ಡ ಕಟ್ಟಿರೋದು, 1982ರಲ್ಲಿ ಮುಗಿದಿದ್ದು. ಗರಿಷ್ಠ ಮಟ್ಟ 2,859 ಅಡಿ, ಸಾಮರ್ಥ್ಯ 8.5 ಟಿಎಂಸಿ. ಪೇಪರಲ್ಲಿ ಮಳೆಗಾಲದಲ್ಲಿ ದಿನಾ ಈ 2,859 ನೋಡಿರ್ತೀರಿ, ಹಕ್ಕಿ ನೋಡೋರು ಅದೇ ಅಂಕಿನ ಬೇಸಿಗೆಯಲ್ಲೂ ನೋಡ್ಬೇಕು, ಯಾಕಂದ್ರೆ ನೀರು ಎಷ್ಟು ಇಳಿದಿದೆ ಅನ್ನೋದ್ರ ಮೇಲೆ ಹಕ್ಕಿ ಎಲ್ಲಿರತ್ತೆ ಅನ್ನೋದು ನಿಂತಿದೆ. ಜುಲೈ, ಆಗಸ್ಟಲ್ಲಿ ತುಂಬಿದ ನೀರು ನಾಲೆಗೆ ಬಿಟ್ಟು ಬಿಟ್ಟು ಮಾರ್ಚ್ ಹೊತ್ತಿಗೆ ಕೆಳಗಿಳಿದಿರತ್ತೆ, ಆಗ ದಡದುದ್ದಕ್ಕೂ ಕೆಂಪು ಮಣ್ಣಿನ ಪಟ್ಟಿ ಬೀಳತ್ತೆ. ಅದರ ಮೇಲೆ ನೀರು ಒಂದೊಂದು ಮಟ್ಟದಲ್ಲಿ ನಿಂತು ಹೋದ ಗೆರೆಗಳು, ಕೊಳೆತ ಮರದ ಬುಡ, ಒಣಗಿದ ಬಸವನಹುಳದ ಚಿಪ್ಪು, ಮತ್ತೆ ನೀರಿಗೆ ತಾಗಿಕೊಂಡೇ ಎರಡು ಅಡಿ ಅಗಲದ ಹಸಿ ಕೆಸರು. ಗೊರವ, ಸಿಪಿಲೆಗಳಿಗೆ ಬೇಕಾಗಿರೋದು ಆ ಎರಡು ಅಡಿ ಮಾತ್ರ. ಹುಳ, ಲಾರ್ವಾ ಎಲ್ಲ ಇರೋದು ಅಲ್ಲೇ. ನೀರು ದಿನಾ ಒಂಚೂರು ಇಳಿದ ಹಾಗೆ ಹೊಸ ಕೆಸರು ತೆರೆದುಕೊಳ್ಳತ್ತೆ, ಹಕ್ಕಿಗಳು ಅದರ ಜೊತೆಗೇ ಕೆಳಗೆ ಸರೀತಾ ಹೋಗ್ತವೆ.

ಹಾಗಾಗಿ ಅಣೆಕಟ್ಟೆ ಹತ್ರ, ಪಾರ್ಕ್ ಹತ್ರ ನಿಂತು ಹಕ್ಕಿ ಇಲ್ಲ ಅನ್ನೋರಿಗೆ ನಾನು ಹೇಳೋದು ಒಂದೇ, ಅಲ್ಲಿ ನೀರು ಆಳ, ದಡ ಕಡಿದು, ಅಲ್ಲಿ ನೀರುಕಾಗೆ ಬಿಟ್ರೆ ಜಾಸ್ತಿ ಏನೂ ಸಿಗಲ್ಲ. ಹಿನ್ನೀರಿನ ಬಾಲಕ್ಕೆ ಹೋಗಿ. ಸುಂಟಿಕೊಪ್ಪ, ಮಾದಾಪುರ ಕಡೆಯಿಂದ ಹೊಳೆ, ತೋಡು ಬಂದು ಸೇರೋ ಜಾಗಗಳು, ಬೆಟ್ಟದ ಸಂದಿಲಿ ನುಗ್ಗಿರೋ ಆಳ ಇಲ್ಲದ ಕೈಗಳು, ಅವೇ ಒಳ್ಳೆ ಜಾಗ. 2018ರ ಆಗಸ್ಟಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಬೆಟ್ಟ ಕುಸಿದಾಗ ಬಂದ ಮಣ್ಣು ಹೊಳೆ ಹಿಡಿದು ಹಾರಂಗಿಗೇ ಇಳಿದಿದೆ, ಅದು ನಮ್ಮ ಜನಕ್ಕೆ ದೊಡ್ಡ ನಷ್ಟ, ಡ್ಯಾಮಿಗೂ ಹೂಳಿನ ಸಮಸ್ಯೆ. ಹೂಳು ನಿಂತು ಮಟ್ಟಸ ಆದ ಕಡೆ ಬೇಸಿಗೆಯಲ್ಲಿ ಕೆಸರು ಅಗಲ ಆಗತ್ತೆ ಅನ್ನೋದೂ ನಿಜ, ಹಕ್ಕಿ ಅದನ್ನ ಬಳಸ್ಕೊಳ್ಳತ್ತೆ.

ಚಿಕ್ಲಿಹೊಳೆ ಅದರ ಮುಂದೆ ತುಂಬ ಚಿಕ್ಕದು, ರಂಗಸಮುದ್ರ ಕಡೆ. ಅರ್ಧಚಂದ್ರದ ಆಕಾರದಲ್ಲಿ ನೀರು ಕೋಡಿ ಬೀಳೋದನ್ನ ನೋಡೋಕೆ ಮಳೆಗಾಲದಲ್ಲಿ ಜನ ಮುಗಿಬೀಳ್ತಾರೆ, ಬೇಸಿಗೆಯಲ್ಲಿ ಅಷ್ಟಾಗಿ ಯಾರೂ ಇರಲ್ಲ. ಮೀನುಕೊಲ್ಲಿ ಕಾಡು ಪಕ್ಕದಲ್ಲೇ ಇರೋದ್ರಿಂದ ನೀರಿನ ಹಕ್ಕಿ ಮತ್ತು ಕಾಡಿನ ಹಕ್ಕಿ ಎರಡನ್ನೂ ಒಂದೇ ಜಾಗದಲ್ಲಿ ನಿಂತು ನೋಡ್ಬಹುದು. ಎದುರಿಗೆ ಗೊರವ, ಬೆನ್ನ ಹಿಂದೆ ಮಲೆ ಮಂಗಟ್ಟೆ ನಗೋ ಸದ್ದು. ಹೊಸಬರಿಗೆ ನಾನು ಚಿಕ್ಲಿಹೊಳೆನೇ ಹೇಳೋದು, ಆಚೆ ದಡ ಬರಿಗಣ್ಣಿಗೇ ಕಾಣತ್ತೆ, ಹಕ್ಕಿ ದೂರ ಆಗಲ್ಲ.

ಬಾತುಕೋಳಿ ಹಿಂಡು ಯಾಕೆ ಇಲ್ಲ?

ನಮ್ಮ ಜಲಾಶಯಗಳು ಬೆಟ್ಟದ ಕಣಿವೆ ಮುಳುಗಿ ಆಗಿರೋದು, ದಡದಿಂದ ನಾಲ್ಕು ಹೆಜ್ಜೆ ಇಟ್ರೆ ಆಳ. ನೀರಲ್ಲಿ ಮುಳುಗಿ ಬೆಳೆಯೋ ಗಿಡ, ಜೊಂಡು ಕಮ್ಮಿ, ನೀರಿನ ಮಟ್ಟ ವರ್ಷದಲ್ಲಿ ಅಷ್ಟು ಏರಿಳಿದ್ರೆ ಗಿಡ ನೆಲೆ ಹಿಡಿಯೋಕೆ ಆಗಲ್ಲ. ಬಾತುಗಳಿಗೆ ಮೇವು ಬೇಕಲ್ಲ, ಅವು ಬಯಲುಸೀಮೆಯ ಆಳ ಇಲ್ಲದ ಕೆರೆಗಳನ್ನೇ ಹುಡುಕ್ಕೊಂಡು ಹೋಗ್ತವೆ. ಇಲ್ಲಿ ವರಟೆ (ಸ್ಪಾಟ್‌ಬಿಲ್ಡ್ ಬಾತು) ಜೋಡಿ ಸಿಗತ್ತೆ, ಗುಳುಮುಳುಕ (ಲಿಟಲ್ ಗ್ರೀಬ್) ಸಿಗತ್ತೆ, ಅಷ್ಟೇ ಅನ್ಕೊಳಿ. ಪಟ್ಟೆತಲೆ ಹೆಬ್ಬಾತು ನೋಡ್ಲೇಬೇಕು ಅಂದ್ರೆ ಜನವರಿಯಲ್ಲಿ ಮೈಸೂರು ಸುತ್ತಲಿನ ಕೆರೆಗಳಿಗೆ ಅಥವಾ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ, ಮಾಗಡಿ ಕೆರೆಗೆ 2024ರಲ್ಲಿ ರಾಮ್ಸರ್ ಪಟ್ಟನೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ) ಸಿಕ್ಕಿದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರೋ ಹಕ್ಕಿ ಅದು, 7,000 ಮೀಟರಿಗಿಂತ ಮೇಲೆ ಹಾರಿದ್ದು ಟ್ಯಾಗ್ ಹಾಕಿ ಅಳೆದಿದಾರೆ.

ದಡದಲ್ಲಿ ಓಡಾಡೋ ಕಂದು ಹಕ್ಕಿಗಳೆಲ್ಲ ಒಂದೇ ತರ ಇವೆ. ಹೇಗೆ ಗುರುತಿಸೋದು?

ಇದು ಎಲ್ಲರೂ ಕೇಳೋ ಪ್ರಶ್ನೆ, ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಇಲ್ಲಿ ಮೂರು ಗೊರವ ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಮೊದಲನೇದು ಕಾಮನ್ ಸ್ಯಾಂಡ್‌ಪೈಪರ್. ಬೆನ್ನು ಕಂದು, ಹೊಟ್ಟೆ ಬಿಳಿ. ಎದೆಯ ಪಕ್ಕದ ಕಂದು ಬಣ್ಣಕ್ಕೂ ರೆಕ್ಕೆಗೂ ನಡುವೆ ಹೊಟ್ಟೆಯ ಬಿಳಿ ಮೇಲಕ್ಕೆ ನುಗ್ಗಿರತ್ತೆ, ಭುಜದ ಹತ್ರ ಕೊಕ್ಕೆ ತರ. ಅದನ್ನ ಒಂದ್ಸಲ ಕಣ್ಣಿಗೆ ಹಿಡಿಸ್ಕೊಂಡ್ರೆ ಮತ್ತೆ ಮರೆಯಲ್ಲ. ಸುಮ್ನೆ ನಿಲ್ಲೋ ಹಕ್ಕಿ ಅಲ್ಲ, ಹಿಂಭಾಗ ಮೇಲೆ ಕೆಳಗೆ ಆಡಿಸ್ತಾನೇ ಇರತ್ತೆ. ಎದ್ದರೆ ನೀರಿಗೆ ತಾಗೋ ಹಾಗೆ ತಗ್ಗಲ್ಲಿ ಹಾರತ್ತೆ, ರೆಕ್ಕೆ ಬಾಗಿಸಿ, ಸ್ವಲ್ಪ ಪಟಪಟ ಅನ್ಸಿ ಸ್ವಲ್ಪ ತೇಲಿ ಮತ್ತೆ ಪಟಪಟ, ಹೋಗಿ ಅದೇ ದಡದಲ್ಲಿ ಮುಂದೆ ಇಳಿಯತ್ತೆ. ಕಲ್ಲು ಇರೋ ದಡ, ಅಣೆಕಟ್ಟೆಯ ಕಲ್ಲು ಜೋಡಣೆ ಇದಕ್ಕೆ ಇಷ್ಟ.

ಎರಡನೇದು ಗ್ರೀನ್ ಸ್ಯಾಂಡ್‌ಪೈಪರ್. ಹೆಸರಲ್ಲಿ ಹಸಿರು ಇದ್ರೂ ಹಕ್ಕಿ ಕಪ್ಪಗೆ ಕಾಣತ್ತೆ. ಒಂಟಿ, ನಾಚಿಕೆ ಸ್ವಭಾವ, ಕಾಡಿನ ಅಂಚಿನ ತೋಡು, ತೋಟದ ಕೆರೆ ಮೂಲೆ, ಅಂಥ ಕಡೆ ಇರತ್ತೆ. ನೀವು ನೋಡೋ ಮೊದಲೇ ಅದು ನಿಮ್ಮನ್ನ ನೋಡಿರತ್ತೆ, ಟ್ಲೂಯಿಟ್ ವೀಟ್ ವೀಟ್ ಅಂತ ಜೋರಾಗಿ ಕೂಗಿ ಅಡ್ಡಾದಿಡ್ಡಿ ಮೇಲಕ್ಕೇರತ್ತೆ. ಆಗ ಕಪ್ಪು ರೆಕ್ಕೆ, ಅದರ ನಡುವೆ ಹೊಳೆಯೋ ಬಿಳಿ ಸೊಂಟ, ರೆಕ್ಕೆಯ ಕೆಳಭಾಗನೂ ಕಪ್ಪು. ಹಾರಿದ ಮೇಲೆ ಗುರುತಿಸೋಕೆ ಇದರಷ್ಟು ಸುಲಭ ಯಾವುದೂ ಇಲ್ಲ.

ಮೂರನೇದು ವುಡ್ ಸ್ಯಾಂಡ್‌ಪೈಪರ್. ಬೆನ್ನ ತುಂಬ ಬಿಳಿ ಚುಕ್ಕಿ, ಕಣ್ಣಿನ ಮೇಲೆ ಹಿಂದಕ್ಕೆ ಹೋಗೋ ಉದ್ದ ಬಿಳಿ ಹುಬ್ಬು, ಕಾಲು ಹಳದಿ ಛಾಯೆ, ಸ್ವಲ್ಪ ಉದ್ದ. ಗ್ರೀನಿಗೆ ಹುಬ್ಬು ಕಣ್ಣಿನ ಮುಂದೆಯೇ ಮುಗಿಯತ್ತೆ. ಇದು ಗದ್ದೆ ಹಕ್ಕಿ, ಕೆಲವು ಒಟ್ಟಿಗೆ ಇರ್ತವೆ, ಹಾರುವಾಗ ಚಿಫ್ ಇಫ್ ಇಫ್ ಅಂತವೆ. ರೆಕ್ಕೆ ಕೆಳಗೆ ತಿಳಿ ಬಣ್ಣ.

ಇವು ಮೂರನ್ನೂ ಎರಡು ವಾರ ನೋಡಿ. ಆಮೇಲೆ ಬೇರೆ ಏನಾದ್ರೂ ಬಂದ್ರೆ, ಲಿಟಲ್ ರಿಂಗ್ಡ್ ಪ್ಲೋವರ್ ಆಗ್ಲಿ, ಟೆಮಿಂಕ್ಸ್ ಸ್ಟಿಂಟ್ ಆಗ್ಲಿ, ಇದು ಆ ಮೂರರಲ್ಲಿ ಒಂದಲ್ಲ ಅಂತ ನಿಮಗೇ ತಟ್ಟನೆ ಹೊಳೆಯತ್ತೆ.

ಸಿಪಿಲೆ ಬಣ್ಣ ಬದಲಾಗತ್ತೆ ಅಂತಾರಲ್ಲ, ಏನು ನೋಡ್ಬೇಕು?

ಬೂದು ಸಿಪಿಲೆಯ ಗಂಟಲು ನೋಡಿ. ಸೆಪ್ಟೆಂಬರಲ್ಲಿ ಬಂದಾಗ ಬಿಳಿ ಗಂಟಲು, ಹೊಟ್ಟೆ ಹಿಂದೆ ಮಾತ್ರ ಹಳದಿ, ಉದ್ದ ಬಾಲ. ಮಾರ್ಚ್ ಬರ್ತಿದ್ದ ಹಾಗೆ ಗಂಡುಗಳ ಗಂಟಲಲ್ಲಿ ಮೊದಲು ಕೊಳೆ ಮೆತ್ತಿದ ಹಾಗೆ ಬೂದು ಚುಕ್ಕಿ ಕಾಣತ್ತೆ, ಇನ್ನೊಂದು ಹತ್ತು ಹದಿನೈದು ದಿನದಲ್ಲಿ ಅದು ತೇಪೆ ತೇಪೆಯಾಗಿ ಕಪ್ಪಾಗತ್ತೆ, ಎದೆಗೂ ಹಳದಿ ಏರತ್ತೆ, ಪೂರ್ತಿ ಕಪ್ಪು ಗಂಟಲು ಆಗೋ ಹೊತ್ತಿಗೆ ಹಕ್ಕಿ ಹೊರಟು ಹೋಗಿರತ್ತೆ. ಹಿಮಾಲಯದ ತೊರೆಗಳಲ್ಲಿ, ಇನ್ನೂ ಉತ್ತರದಲ್ಲಿ ಗೂಡು ಕಟ್ಟೋ ಹಕ್ಕಿ, ನಮ್ಮ ಮನೆ ಅಂಗಳದಲ್ಲಿ, ಕಾಫಿ ಕಣದಲ್ಲಿ ಆರು ತಿಂಗಳು ಓಡಾಡಿರತ್ತೆ. ಕಣದಲ್ಲಿ ದಿನಾ ನೋಡೋರಿಗೆ ಈ ಬದಲಾವಣೆ ಡ್ಯಾಮಿಗೆ ಹೋಗದೇನೇ ಸಿಗತ್ತೆ.

ಹಳದಿ ಸಿಪಿಲೆ ಜೊತೆ ಕನ್‌ಫ್ಯೂಸ್ ಮಾಡ್ಕೋಬೇಡಿ, ಅದರ ಬಾಲ ಗಿಡ್ಡ, ಕಾಲು ಕಪ್ಪು, ಬೂದು ಸಿಪಿಲೆ ಕಾಲು ತಿಳಿ ಗುಲಾಬಿ ಕಂದು. ಹಳದಿ ಸಿಪಿಲೆ ದನ ಮೇಯೋ ಹುಲ್ಲಿನ ದಡದಲ್ಲಿ ದನದ ಕಾಲ ಬುಡದಲ್ಲೇ ಇರತ್ತೆ. ಕಪ್ಪು ಬಿಳುಪಿನ ದೊಡ್ಡ ಸಿಪಿಲೆ ಕಂಡ್ರೆ, ಬಿಳಿ ಹುಬ್ಬು ಇದ್ರೆ, ಅದು ವಲಸೆ ಹಕ್ಕಿ ಅಲ್ಲ, ವರ್ಷ ಪೂರ್ತಿ ನಮ್ಮ ಜೊತೆ ಇರೋದು. ತೋಟದ ನೆರಳಲ್ಲಿ ಬಾಲ ಮೇಲೆ ಕೆಳಗೆ ಆಡಿಸದೆ ಅಕ್ಕಪಕ್ಕಕ್ಕೆ ಅಲ್ಲಾಡಿಸ್ತಾ ನಡೆಯೋದು ಕಾಡು ಸಿಪಿಲೆ, ಅದೂ ಏಪ್ರಿಲಿಗೆ ಹೋಗತ್ತೆ.

ಕರೆಂಟ್ ತಂತಿ ಮೇಲೆ ಸಾಲಾಗಿ ಕೂತಿರೋ ಹಕ್ಕಿಗಳು?

ಕವಲುತೋಕೆ. ಹೊರಡೋ ಮುಂಚೆ ಹಾಗೆ ಸೇರ್ತವೆ, ಸಂಜೆ ನೀರಿನ ಮೇಲೆ ಹುಳ ಹಿಡೀತವೆ.

ಹಾರಂಗಿಲಿ ಮೀನು ಹಿಡಿಯೋ ದೊಡ್ಡ ಹದ್ದು ನೋಡಿದೆ, ಅದು ಆಸ್ಪ್ರೇನಾ?

ಇರ್ಬಹುದು. ಹೊಟ್ಟೆ ಬಿಳಿ, ಮುಖದಲ್ಲಿ ಕಣ್ಣಿನಿಂದ ಹಿಂದಕ್ಕೆ ಕಪ್ಪು ಪಟ್ಟಿ, ಉದ್ದ ರೆಕ್ಕೆ ಮಣಿಕಟ್ಟಿನಲ್ಲಿ ಬಾಗಿ, ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡೀತಾ ನಿಂತು, ಆಮೇಲೆ ಕಾಲು ಮುಂದೆ ಮಾಡಿ ಧುಮುಕಿದ್ರೆ ಆಸ್ಪ್ರೇನೇ. ಹಿಡಿದ ಮೀನನ್ನ ತಲೆ ಮುಂದೆ ಬರೋ ಹಾಗೆ ತಿರುಗಿಸಿ ಹಿಡ್ಕೊಂಡು ಹಾರತ್ತೆ, ಗಾಳಿ ತಡೆಯಬಾರ್ದಲ್ಲ. ಕೆಂಪು ಕಂದು ಮೈ, ಬಿಳಿ ತಲೆ ಇದ್ರೆ ಅದು ಗರುಡ, ಇಲ್ಲಿಯದೇ. ಆಸ್ಪ್ರೇ ದೊಡ್ಡವು ಮಾರ್ಚ್, ಏಪ್ರಿಲಲ್ಲಿ ಹೊರಡ್ತವೆ, ಎಳೇ ಹಕ್ಕಿಗಳು ಕೆಲವು ಬೇಸಿಗೆ ಪೂರ್ತಿ ದಕ್ಷಿಣದಲ್ಲೇ ಉಳೀತವೆ.

ಹಕ್ಕಿಗೆ ಹೊರಡೋ ಟೈಮ್ ಆಯ್ತು ಅಂತ ಹೇಗೆ ಗೊತ್ತಾಗತ್ತೆ? ಬಿಸಿಲು ಜಾಸ್ತಿ ಆಯ್ತು ಅಂತನಾ?

ಬಿಸಿಲಿಗಿಂತ ಮುಖ್ಯ ಹಗಲಿನ ಉದ್ದ. ಡಿಸೆಂಬರ್ 21ರ ಸುಮಾರಿಂದ ಹಗಲು ದಿನಾ ಒಂಚೂರು ಉದ್ದ ಆಗ್ತಾ ಹೋಗತ್ತೆ, ಅದನ್ನ ಹಕ್ಕಿಯ ಮಿದುಳು ಗ್ರಹಿಸಿ ಹಾರ್ಮೋನ್ ಬದಲಾಗತ್ತೆ, ಹಸಿವು ಜಾಸ್ತಿ ಆಗತ್ತೆ, ಚರ್ಮದ ಕೆಳಗೆ ಕೊಬ್ಬು ಕೂಡತ್ತೆ. ದೂರ ಹೋಗೋ ಕೆಲವು ಗೊರವಗಳು ಹೊರಡೋ ಹೊತ್ತಿಗೆ ಎರಡು ಪಟ್ಟು ತೂಕಕ್ಕೆ ಹತ್ರ ಬರ್ತವೆ. ಆಮೇಲೆ ಒಂದು ರಾತ್ರಿ ಗಾಳಿ ಅನುಕೂಲ ಇದ್ರೆ ಎದ್ದು ಹೋಗ್ತವೆ. ಸಣ್ಣ ಹಕ್ಕಿಗಳು, ಗೊರವಗಳು ಬಹಳಷ್ಟು ಹಾರೋದು ರಾತ್ರಿನೇ, ಗಾಳಿ ತಂಪು, ಡೇಗೆಯಂಥ ಬೇಟೆ ಹಕ್ಕಿಗಳ ಕಾಟ ಕಮ್ಮಿ. ಆದ್ರಿಂದ ಹೊರಡೋದನ್ನ ಕಣ್ಣಾರೆ ನೋಡೋದು ಅಪರೂಪ, ಬೆಳಿಗ್ಗೆ ಹೋದಾಗ ಜಾಗ ಖಾಲಿ ಇರತ್ತೆ ಅಷ್ಟೇ. ಇವೆಲ್ಲ ಹೋಗೋ ದಾರಿಗೆ ಮಧ್ಯ ಏಷ್ಯಾ ಹಾರುದಾರಿ ಅಂತಾರೆ, ಸೈಬೀರಿಯಾದಿಂದ ಹಿಂದೂ ಮಹಾಸಾಗರದ ತನಕ 30 ದೇಶ ಬರತ್ತೆ ಅದರಲ್ಲಿ.

ಹಿಂದಿನ ದಿನ ಗುಡುಗು ಮಳೆ ಬಂದಿದೆ, ಪ್ಲಾನ್ ಕ್ಯಾನ್ಸಲ್ ಮಾಡ್ಲಾ?

ಖಂಡಿತ ಬೇಡ, ಅವತ್ತೇ ಹೋಗಿ. ಕೊಡಗಲ್ಲಿ ಮಾರ್ಚ್, ಏಪ್ರಿಲ್ ಸಂಜೆ ಗುಡುಗು ಮಳೆ ಬಂದ್ರೆ ತೋಟದವರಿಗೆ ಅದು ಕಾಫಿ ಹೂವು ಅರಳಿಸೋ ಹೂಮಳೆ, ಹಾರ್ತಿರೋ ಹಕ್ಕಿಗೆ ಅದು ಅಡ್ಡಿ. ಮಳೆ, ಎದುರು ಗಾಳಿ ಸಿಕ್ಕಿದ್ರೆ ಹಕ್ಕಿ ಇಳಿದುಬಿಡತ್ತೆ, ಬೆಳಿಗ್ಗೆ ನೀರಿನ ಅಂಚಲ್ಲಿ ನಿನ್ನೆ ಇಲ್ಲದ ಹಕ್ಕಿ ಇರೋ ಸಾಧ್ಯತೆ ಜಾಸ್ತಿ. ತೋಟದಲ್ಲೂ ಅಷ್ಟೇ, ಉತ್ತರಕ್ಕೆ ಹೊರಟ ನವರಂಗ (ಪಿಟ್ಟಾ) ಹಕ್ಕಿ ಮುಂಜಾವಿಗೂ ಮುಸ್ಸಂಜೆಗೂ ಎರಡು ಸ್ವರದ ಸಿಳ್ಳೆ ಹಾಕೋದು ಕೇಳಿಸ್ಬಹುದು. ಜೊತೆಗೆ ಮಳೆಯಾದ ಬೆಳಿಗ್ಗೆ ಗಾಳಿಲಿ ಧೂಳಿರಲ್ಲ, ಆಚೆ ದಡದ ಹಕ್ಕಿನೂ ಚೆನ್ನಾಗಿ ಕಾಣತ್ತೆ. ಹತ್ತು ದಿನದಲ್ಲಿ ಕಾಫಿ ಹೂವು ಬಿಟ್ರೆ ಆ ಪರಿಮಳ ಬೇರೆ. ಮಳೆ ಬರೋವಾಗ ಮಾತ್ರ ಬಯಲು ದಡದಲ್ಲಿ ನಿಲ್ಬೇಡಿ, ಸಿಡಿಲು ನಮ್ಮಲ್ಲಿ ಜೋರು.

ಆನೆ ಇರತ್ತಾ?

ಇರತ್ತೆ. ಹಾರಂಗಿ ಸುತ್ತಮುತ್ತ, ಆನೆಕಾಡು, ಮೀನುಕೊಲ್ಲಿ, ಚಿಕ್ಲಿಹೊಳೆ, ದುಬಾರೆ ಎಲ್ಲ ಆನೆ ಓಡಾಡೋ ಜಾಗ, ಬೇಸಿಗೆಯಲ್ಲಿ ನೀರಿಗೆ ಬಂದೇ ಬರ್ತವೆ, ಹಲಸು ಆಗೋ ಕಾಲದಲ್ಲಿ ತೋಟದಲ್ಲೇ ಹಗಲಿಡೀ ನಿಂತಿರ್ತವೆ. ಬೆಳಕು ಸರಿಯಾಗಿ ಹರಿಯೋ ಮುಂಚೆ ಬೈಕಲ್ಲಿ ಕಾಡಂಚಿನ ರಸ್ತೆಗೆ ಇಳೀಬೇಡಿ, ಏಳೂವರೆ ಗಂಟೆಗೆ ಹೋದ್ರೂ ಹಕ್ಕಿ ಇರತ್ತೆ. ಹೋಗೋ ಮುಂಚೆ ಆ ಜಾಗದ ತೋಟದವರನ್ನೋ, ಅಂಗಡಿಯವರನ್ನೋ ಕೇಳಿ, ಅಣ್ಣ, ರಾತ್ರಿ ಆನೆ ಬಂದಿತ್ತಾ ಅಂತ. ಅವರಿಗೆ ಗೊತ್ತಿರತ್ತೆ, ಊರಿನ ವಾಟ್ಸಾಪ್ ಗ್ರೂಪಲ್ಲಿ ಸುದ್ದಿ ಬಂದಿರತ್ತೆ. ಹಸಿ ಲದ್ದಿ, ಮುರಿದ ಬೈನೆ, ಬಿದಿರು ಮುರಿಯೋ ಶಬ್ದ, ಇದ್ಯಾವುದಿದ್ರೂ ವಾಪಸ್ ಬನ್ನಿ. ಬೈನಾಕ್ಯುಲರಲ್ಲಿ ಮುಳುಗಿದವರಿಗೆ ಬೆನ್ನ ಹಿಂದೆ ಏನು ಬಂತು ಅನ್ನೋದು ಗೊತ್ತಾಗಲ್ಲ, ಅದಕ್ಕೇ ಒಬ್ರೇ ಹೋಗ್ಬೇಡಿ, ಒಬ್ರು ನೋಡುವಾಗ ಇನ್ನೊಬ್ರು ಸುತ್ತ ಗಮನ ಇಡಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಯಾವ ಹಕ್ಕಿನೂ ಒಂದು ಜೀವಕ್ಕಿಂತ ದೊಡ್ಡದಲ್ಲ, ಪ್ರತಿ ವರ್ಷ ನಮ್ಮ ತೋಟದ ಕೆಲಸದವರು ಆನೆ ತುಳಿತಕ್ಕೆ ಸಾಯ್ತಿರೋ ಜಿಲ್ಲೆ ಇದು.

ಕೆಸರಿಗೆ ಇಳಿದು ಹತ್ರದಿಂದ ಫೋಟೋ ತೆಗೀಬಹುದಾ?

ಬೇಡ. ಮೊದಲ ಕಾರಣ, ಮೇಲೆ ಒಣಗಿ ಬಿರುಕು ಬಿಟ್ಟಿರೋ ಹೂಳು ಗಟ್ಟಿ ಇದ್ದ ಹಾಗೆ ಕಾಣತ್ತೆ, ಕೆಳಗೆ ಮೆತ್ತಗಿರತ್ತೆ, ಸೊಂಟದ ತನಕ ಹೂತ್ರೆ ಎಳೆಯೋಕೂ ಯಾರೂ ಇರಲ್ಲ. ಎರಡನೇದು ಹಕ್ಕಿ. ಹೊರಡೋ ಹಕ್ಕಿ ದಿನಪೂರ್ತಿ ತಿಂದು ಕೊಬ್ಬು ಕೂಡಿಸ್ತಿರತ್ತೆ, ನೀವು ಹತ್ತು ಸಲ ಎಬ್ಬಿಸಿದ್ರೆ ಹತ್ತು ಸಲ ಅದನ್ನ ಖರ್ಚು ಮಾಡತ್ತೆ. ನೀವು ಒಂದು ಕಡೆ ಕೂತ್ಕೊಂಡು ಅಲ್ಲಾಡದೆ ಇದ್ರೆ ಸಿಪಿಲೆ, ಗೊರವ ತಾನಾಗೇ ಹತ್ರ ಬರ್ತವೆ, ನಂಬಿ. ಮೂರನೇದು, ಟಿಟ್ಟಿಭ (ಲ್ಯಾಪ್‌ವಿಂಗ್) ಮಾರ್ಚಿಂದ ಬರಿ ನೆಲದ ಮೇಲೇ ಮೊಟ್ಟೆ ಇಡತ್ತೆ, ಕಲ್ಲಿನ ಬಣ್ಣದ್ದೇ ಮೊಟ್ಟೆ, ಕಾಲಿಟ್ಟ ಮೇಲೇ ಗೊತ್ತಾಗೋದು. ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಬಯ್ತಿದೆ ಅಂದ್ರೆ ನೀವು ಅದರ ಗೂಡಿನ ಹತ್ರ ಇದೀರಿ, ಬಂದ ದಾರಿಯಲ್ಲೇ ಹಿಂದೆ ಬನ್ನಿ. ಭದ್ರಾ ಜಲಾಶಯದಲ್ಲಿ ನೀರು ಇಳಿದಾಗ ಎದ್ದ ದಿಬ್ಬಗಳ ಮೇಲೆ ಹೊಳೆ ರೀವಗಳು (ರಿವರ್ ಟರ್ನ್) ಗುಂಪಾಗಿ ಗೂಡು ಮಾಡೋದೂ ಇದೇ ಕಾಲದಲ್ಲಿ, ಅಲ್ಲಿಗೆ ಹೋದವ್ರಿಗೂ ಇದೇ ಮಾತು.

ಡ್ರೋನ್ ತರ್ಲೇಬೇಡಿ, ಅಣೆಕಟ್ಟೆ ಹತ್ರ ಅದು ಸೆಕ್ಯೂರಿಟಿ ವಿಷಯನೂ ಹೌದು.

ಯಾವ ಬೈನಾಕ್ಯುಲರ್ ತಗೊಳ್ಳಿ? ಕ್ಯಾಮೆರಾ ಬೇಕೇ ಬೇಕಾ?

8x42, ಅಂದ್ರೆ ಎಂಟು ಪಟ್ಟು ದೊಡ್ಡದಾಗಿ ತೋರ್ಸೋದು, ಎದುರಿನ ಗಾಜು 42 ಮಿಮೀ. 10x ಆದ್ರೆ ಕೈ ನಡುಗಿದ್ದು ಜಾಸ್ತಿ ಕಾಣತ್ತೆ, ಕಲಿಯೋರಿಗೆ 8 ಸಾಕು. ಹಾರಂಗಿಯ ಅಗಲ ನೀರಿಗೆ ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡ್ ಮೇಲಿಟ್ಟು ನೋಡೋ ದುರ್ಬೀನು) ಇದ್ರೆ ಚೆಂದ, ಗುಂಪಲ್ಲಿ ಒಬ್ರ ಹತ್ರ ಇದ್ರೆ ಸಾಕು. ಕ್ಯಾಮೆರಾ ಆಮೇಲೆ ನೋಡೋಣ, ಮೊದಲು ಕಣ್ಣಲ್ಲಿ ನೋಡಿ. ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್ ಇಟ್ಕೊಳಿ. ಬಟ್ಟೆ ಮಣ್ಣಿನ ಬಣ್ಣದ್ದು, ಪ್ಯಾಂಟ್ ಸಾಕ್ಸ್ ಒಳಗೆ ಹಾಕಿ, ಬೇಸಿಗೆಯಲ್ಲಿ ಜಿಗಣೆ ಕಮ್ಮಿ ಆದ್ರೆ ದನ ಓಡಾಡೋ ಹುಲ್ಲಲ್ಲಿ ಉಣ್ಣಿ ಇರತ್ತೆ.

ನಾವು ಡ್ಯಾಮಿಗೆ ಹೋಗೋಕಾಗಲ್ಲ, ನಮ್ಮ ತೋಟದ ಕೆರೇಲಿ ಏನಾದ್ರೂ ಸಿಗತ್ತಾ?

ಸಿಗತ್ತೆ, ಮತ್ತೆ ಅದನ್ನ ನೋಡೋರು ತೀರ ಕಮ್ಮಿ, ಅದಕ್ಕೇ ನಿಮ್ಮ ಕೆರೆಗೆ ಬೆಲೆ ಜಾಸ್ತಿ. ಫೆಬ್ರವರಿ, ಮಾರ್ಚಲ್ಲಿ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯೋಕೆ ಪಂಪ್ ಹಾಕಿದಾಗ ಕೆರೆ ಒಂದೇ ವಾರದಲ್ಲಿ ಇಳಿಯತ್ತೆ, ಆಗ ಕೆಸರು ಕಾಣತ್ತೆ, ಗ್ರೀನ್ ಸ್ಯಾಂಡ್‌ಪೈಪರ್, ಬೂದು ಸಿಪಿಲೆ, ಮಿಂಚುಳ್ಳಿ, ಕೊಳದ ಬಕ ಎಲ್ಲ ಅಲ್ಲಿರ್ತವೆ. ಪಂಪ್ ಆಪರೇಟರ್‌ನ ಕೇಳಿ ನೋಡಿ, ದಿನಾ ಅದೇ ಹಕ್ಕಿ ನೋಡಿರ್ತಾರೆ. ಕೆರೆಯನ್ನ ಪೂರ್ತಿ ಪ್ಲಾಸ್ಟಿಕ್ ಶೀಟ್ ಹಾಕಿ ಕಟ್ಟಿಬಿಟ್ರೆ ಹಕ್ಕಿಗೆ ಕಾಲೂರೋ ಜಾಗನೇ ಇಲ್ಲ, ಒಂದು ಮೂಲೆನಾದ್ರೂ ಇಳಿಜಾರು ಮಣ್ಣಿನ ದಡ ಬಿಡಿ ಅಂತ ಕೇಳ್ಕೊಳ್ತೀನಿ.

ಗದ್ದೆನೂ ಅಷ್ಟೇ. ಮನೆಯ ಹಿರಿಯರನ್ನ ಕೂರಿಸ್ಕೊಂಡು ಕೇಳಿ, ಅಜ್ಜ, ಯಾವ ಗದ್ದೆಗೆ ಉಲ್ಲಂಕಿ ಹಕ್ಕಿ ಬರ್ತಿತ್ತು, ಯಾವ ತಿಂಗಳು ಹೋಗ್ತಿತ್ತು ಅಂತ. ಕೋವಿ ಹಿಡಿದು ಅಲೆದ ಕಾಲದವರು ಅವರು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರೋ ಮುಂಚಿನ ನೆನಪು ಅವರ ಹತ್ರ ಇರತ್ತೆ, ಯಾವ ಪುಸ್ತಕದಲ್ಲೂ ಸಿಗಲ್ಲ ಅದು. ಈಗ ಎಷ್ಟೋ ಗದ್ದೆ ಪಾಳು ಬಿದ್ದಿದೆ, ಇಲ್ಲಾ ಶುಂಠಿ ಹಾಕಿದಾರೆ, ನೀರು ನಿಲ್ಲದ ಗದ್ದೆಗೆ ಗೊರವ ಬರಲ್ಲ. ಹಿನ್ನೀರಿನ ಅಂಚು ಇಷ್ಟು ಮುಖ್ಯ ಆಗಿರೋದಕ್ಕೆ ಅದೂ ಒಂದು ಕಾರಣ.

ನೋಡಿದ್ದನ್ನ ಎಲ್ಲಿ ದಾಖಲಿಸೋದು? ನಮ್ಮಂಥವರ ಲಿಸ್ಟ್ ಯಾರಿಗೆ ಬೇಕು?

ಇಬರ್ಡ್ ಆಪ್‌ನಲ್ಲಿ ಹಾಕಿ, ಫ್ರೀ. ಮರ್ಲಿನ್ ಆಪ್ ಹಕ್ಕಿ ಗುರುತಿಸೋಕೆ ಸಹಾಯ ಮಾಡತ್ತೆ, ಆದ್ರೆ ಅದು ಹೇಳಿದ್ದನ್ನೆಲ್ಲ ಕಣ್ಣಲ್ಲಿ ನೋಡದೆ ಲಿಸ್ಟಿಗೆ ಸೇರಿಸ್ಬೇಡಿ. ಅಪರೂಪದ್ದು ಮಾತ್ರ ಹಾಕೋದಲ್ಲ, ಕಾಗೆ, ಬೆಳ್ಳಕ್ಕಿ ಸಮೇತ ಎಲ್ಲಾನೂ, ಎಷ್ಟು ಹೊತ್ತು ನೋಡಿದ್ರಿ ಅನ್ನೋದನ್ನೂ ಸೇರಿಸಿ. ಗೊರವ ಇವತ್ತು ಕಾಣಲಿಲ್ಲ ಅನ್ನೋದೂ ಮಾಹಿತಿನೇ, ಹೊರಟ ದಿನ ಗೊತ್ತಾಗೋದು ಅದರಿಂದ. ದೇಶದ ಹಕ್ಕಿಗಳ ಸ್ಥಿತಿ ಬಗ್ಗೆ 2020ರಲ್ಲಿ, 2023ರಲ್ಲಿ ಬಂದ ದೊಡ್ಡ ವರದಿಗಳು ನಿಂತಿರೋದು ಜನ ಇಬರ್ಡಿಗೆ ಹಾಕಿದ ಲಿಸ್ಟ್‌ಗಳ ಮೇಲೇನೇ, ವಿಜ್ಞಾನಿಗಳು ಎಲ್ಲಾ ಕಡೆ ಇರೋಕಾಗಲ್ಲ. ಮೈಸೂರು, ಬೆಂಗಳೂರಿಂದ ಬೇಕಾದಷ್ಟು ಲಿಸ್ಟ್ ಹೋಗತ್ತೆ, ಕೊಡಗಿನ ಒಂದು ಸಣ್ಣ ಹಿನ್ನೀರಿನ ಕೈಯಿಂದ ಏಪ್ರಿಲಲ್ಲಿ ಪ್ರತಿ ವಾರ ಲಿಸ್ಟ್ ಹಾಕೋರು ಎಷ್ಟು ಜನ ಇದಾರೆ? ನೀವು ಹಾಕಿದ್ರೆ ಅದೇ ಆ ಜಾಗದ ಚರಿತ್ರೆ ಆಗತ್ತೆ.

ಗೂಡಿನ ಜಾಗ ಮಾತ್ರ ಎಲ್ಲೂ ಹಾಕ್ಬೇಡಿ.

ಮಕ್ಕಳನ್ನ ಕರ್ಕೊಂಡು ಬರ್ಬಹುದಾ?

ಬನ್ನಿ, ಚಿಕ್ಲಿಹೊಳೆಗೆ, ಬೆಳಕು ಚೆನ್ನಾಗಿ ಹರಿದ ಮೇಲೆ. ಒಂದು ಗಂಟೆ ಸಾಕು, ತಿಂಡಿ ಕಟ್ಕೊಳಿ, ಅಕ್ಕಿರೊಟ್ಟಿ ಆದ್ರೆ ಇನ್ನೂ ಒಳ್ಳೇದು, ಪ್ಲಾಸ್ಟಿಕ್ ವಾಪಸ್ ತನ್ನಿ. ಒಂದು ಹಕ್ಕಿ ಆರಿಸಿ ಅದು ಏನೇನು ಮಾಡತ್ತೆ ಅಂತ ಹತ್ತು ನಿಮಿಷ ನೋಡಿ ಹೇಳು ಅನ್ನಿ. ಮಕ್ಕಳು ನಮಗಿಂತ ಚೆನ್ನಾಗಿ ನೋಡ್ತಾರೆ. ನೀರಿಗೆ ಇಳಿಯೋಕೆ ಮಾತ್ರ ಬಿಡ್ಬೇಡಿ.

ಜೂನ್ ಬಂತು, ಇನ್ನೂ ಒಂದು ಗೊರವ ಇಲ್ಲೇ ಇದೆ. ಗಾಯ ಆಗಿದ್ಯಾ, ಏನು ಮಾಡ್ಲಿ?

ಗಾಬರಿ ಬೇಡ. ಮೊದಲ ವರ್ಷದ ಎಳೇ ಹಕ್ಕಿಗಳು ಇನ್ನೂ ಮರಿ ಮಾಡೋ ವಯಸ್ಸಿಗೆ ಬಂದಿರಲ್ಲ, ಅಷ್ಟು ದೂರ ಹೋಗೋ ಕಷ್ಟ ಯಾಕೆ ಅಂತ ಕೆಲವು ಇಲ್ಲೇ ಉಳ್ಕೊಳ್ತವೆ. ಚೆನ್ನಾಗಿ ತಿಂತಿದೆ, ಹಾರ್ತಿದೆ ಅಂದ್ರೆ ಬಿಟ್ಬಿಡಿ, ದಿನಾಂಕ ಹಾಕಿ ಬರ್ದಿಡಿ. ರೆಕ್ಕೆ ಜೋತು ಬಿದ್ದಿದ್ರೆ, ಓಡೋಕೂ ಆಗದೆ ಇದ್ರೆ ಹಿಡಿಯೋಕೆ ಹೋಗ್ದೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ, ಅವರು ಬರೋ ತನಕ ನಾಯಿ, ಕಾಗೆ ಹತ್ರ ಬರದ ಹಾಗೆ ದೂರದಿಂದ ನೋಡ್ಕೊಳಿ. ನೀರು ಕುಡಿಸೋದು, ಅನ್ನ ಹಾಕೋದು ಮಾಡ್ಬೇಡಿ.